ಹಿಂದೂಪುರದ ಕಡೆಯಿಂದ ಬರುವ ಚಂದ್ರ

ನಮ್ಮೂರು ಐ.ಡಿ.ಹಳ್ಳಿ. ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ. ಬಸ್ಸಿನ ಬೋರ್ಡಿಗೆ ಹಿಡಿಸಲಿಲ್ಲವೋ, ಕಂಡಕ್ಟರನ ಬಾಯಿಗೆ ಹಿಡಿಸಲಿಲ್ಲವೋ, ಅಂತೂ ಸೊರಗಿ ಇಷ್ಟಾಯಿತು. ಊರ ಹೆಸರು ಯಾಕೆ ಸೊರಗಿತೆಂದು ಕೇಳಿದವರಿಲ್ಲ. ಆದರೆ ಹುಟ್ಟುವಾಗ ಮೊರದಗಲ ಇರುವ ಹುಣ್ಣಿಮೆ ಚಂದ್ರ ನೆತ್ತಿಗೆ ಬರುವಷ್ಟರಲ್ಲಿ ಊಟದ ತಟ್ಟೆಯಷ್ಟಾಗುವುದು ಯಾಕೆ ಎಂಬುದಕ್ಕೆ ನಮ್ಮಜ್ಜಿಯ ಹತ್ತಿರ ಕಾರಣ ಸಿದ್ಧವಿತ್ತು.

"ಹಿಂದೂಪುರದ ಕಡೆಯಿಂದ ಬತ್ತಾನೆ ಕಣ್ಲಾ. ಅಲ್ಲಿ ಅನ್ನ ಉಂಡಿರ್ತಾನೆ, ದುಂಡಗಿರ್ತಾನೆ. ನಮ್ ಸೀಮೆಗೆ ಬಂದ್ಮೇಲೆ ಏನೈತೆ? ಸೊರಗೋಯ್ತಾನೆ."

ಹಿಂದೂಪುರವಿರುವ ಅನಂತಪುರದ ಸೀಮೆ ನಮಗಿಂತ ಬರಗೆಟ್ಟದ್ದು ಎಂದು ಹೇಳಿ ನೋಡಿದೆ. ಹುಣಸೆಹಣ್ಣು ಮಾರಲು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಿ ಅಲ್ಲಿನ ಹೋಟೆಲಿನಲ್ಲಿ ಅನ್ನ ಸಾರು ಉಂಡು ಬಂದವಳು ಅವಳು; ನನ್ನ ಭೂಗೋಳ ಅವಳ ಮುಂದೆ ನಡೆಯಲಿಲ್ಲ.

ಕಳೆದ ವರ್ಷ ದಸರಾ ಮುಗಿದ ಮೇಲಿನ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಸಂಜೆ ಹುಣಸೆ ಮರಗಳ ಸಂದಿಯಲ್ಲಿ ಚಂದ್ರ ಎದ್ದ. ಕುಂಕುಮಕ್ಕೆ ಅರಿಸಿನ ಬೆರೆಸಿದ ಬಣ್ಣ. ತಟ್ಟೆಗೆ ಹಾಕಿದ ಬಿಸಿ ಮುದ್ದೆಯ ಹಾಗೆ ತಳದಲ್ಲಿ ಕೊಂಚ ಚಪ್ಪಟೆ. ದಿಗಂತದ ದಪ್ಪ ಗಾಳಿ ಬೆಳಕನ್ನು ಬಾಗಿಸುವುದರಿಂದ ಹಾಗಂತೆ. ಫೋನು ತೆಗೆದು ಫೋಟೋ ಹೊಡೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. "ಇದೇನು, ಬೀದಿದೀಪವಾ?" ಎಂದು ಹೆಂಡತಿ ಕೇಳಿದಳು. ಫೋನಿಗೆ ಭ್ರಮೆಯಿಲ್ಲ. ಇದ್ದಷ್ಟೇ ತೋರಿಸುತ್ತದೆ.

ಚಂದ್ರ ಇರುವುದು ಅರ್ಧ ಡಿಗ್ರಿ ಅಗಲ, ದಿಗಂತದಲ್ಲೂ ಅಷ್ಟೇ, ನೆತ್ತಿಯಲ್ಲೂ ಅಷ್ಟೇ. ಲೆಕ್ಕ ಹಾಕಿದರೆ ಹುಟ್ಟುವ ಚಂದ್ರನೇ ಒಂದು ಗುಲಗಂಜಿ ಚಿಕ್ಕದಿರಬೇಕು. ನೆತ್ತಿಗೆ ಬಂದಾಗ ನಾವು ಅವನಿಗೆ ಭೂಮಿಯ ಅರ್ಧ ದಪ್ಪದಷ್ಟು, ಅಂದರೆ ಸುಮಾರು 6,400 ಕಿಲೋಮೀಟರ್ ಹತ್ತಿರವಾಗಿರುತ್ತೇವೆ. ಒಟ್ಟು ದೂರ 3,84,000 ಕಿಲೋಮೀಟರ್ ಆದ್ದರಿಂದ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಗಾಳಿಯೇ ಭೂತಗನ್ನಡಿಯ ಕೆಲಸ ಮಾಡುತ್ತದೆಂದು ಹಿಂದಿನವರು ನಂಬಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಅಲ್‌ಹೈತಮ್ ಎಂಬ ಅರಬ್ ಪಂಡಿತ, ದೋಷ ಆಕಾಶದ್ದಲ್ಲ, ನೋಡುವವನ ಮನಸ್ಸಿನದು ಎಂದ. 1962ರಲ್ಲಿ ಅಮೆರಿಕದ ಕೌಫ್‌ಮನ್ ಮತ್ತು ರಾಕ್ ಇದನ್ನು ಪರೀಕ್ಷೆ ಮಾಡಿ ನೋಡಿದರು. ಈ ವಾದದ ಪ್ರಕಾರ ನಮ್ಮ ತಲೆಗೆ ಆಕಾಶ ಅರ್ಧ ಚೆಂಡಿನ ಹಾಗಲ್ಲ, ಕವುಚಿ ಹಾಕಿದ ರೊಟ್ಟಿ ಹೆಂಚಿನ ಹಾಗೆ: ನೆತ್ತಿ ಹತ್ತಿರ, ಅಂಚು ದೂರ. ನಡುವೆ ಹೊಲ, ಬದು, ಮರ ಕಂಡರೆ ಅಂಚು ಇನ್ನೂ ದೂರ. ಅಷ್ಟು ದೂರದಲ್ಲಿದ್ದೂ ಇಷ್ಟು ಕಾಣಬೇಕಾದರೆ ದೊಡ್ಡದೇ ಇರಬೇಕೆಂದು ಮಿದುಳು ತಾನೇ ಒಂದಷ್ಟು ಹಿಗ್ಗಿಸಿಕೊಳ್ಳುತ್ತದೆ.

ಇದನ್ನೆಲ್ಲ ಅಜ್ಜಿಗೆ ವಿವರಿಸಿದೆ. ಅವಳು ಅಡಿಕೆ ಕತ್ತರಿಸುತ್ತ ಕೇಳಿ, "ದೂರ ಐತೆ ಅಂತೀಯ. ನಂಗೆ ಆ ಹುಣಸೆ ಮರದ ಹಿಂದೇನೇ ಇದ್ದಂಗೆ ಕಾಣ್ತಾನಲ್ಲ?" ಅಂದಳು. ನನ್ನ ಬಾಯಿ ಕಟ್ಟಿತು. ಪಂಡಿತರೂ ಎಡವಿರುವುದು ಇಲ್ಲಿಯೇ. ದಿಗಂತದ ಚಂದ್ರ ದೂರವೋ ಹತ್ತಿರವೋ ಎಂದು ಕೇಳಿದರೆ ಹೆಚ್ಚಿನವರು ಹತ್ತಿರ ಅನ್ನುತ್ತಾರೆ. ಜಗಳ ಇನ್ನೂ ಹರಿದಿಲ್ಲ.

ಸೋಲೊಪ್ಪದೆ ಡಬ್ಬಿಯಿಂದ ಒಂದು ತೊಗರಿಕಾಳು ತಂದೆ. ಒಂದು ಕಣ್ಣು ಮುಚ್ಚಿ, ಕೈ ಪೂರ್ತಿ ಚಾಚಿ ಹಿಡಿದರೆ ಮೊರದಗಲದ ಚಂದ್ರ ಆ ಕಾಳಿನ ಹಿಂದೆ ಅಡಗಿಹೋದ. ರಾತ್ರಿ ನೆತ್ತಿಗೆ ಬಂದಾಗಲೂ ಅದೇ ಕಾಳು ಸಾಕಾಗುತ್ತದೆ ಎಂದೆ. ಅಜ್ಜಿ ಹಿಡಿದು ನೋಡಿ, "ಕಾಳು ಚೆನ್ನಾಗೈತೆ, ಅಕ್ಕಡಿ ಸಾಲಿಂದು" ಎಂದಳು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಬೆನ್ನು ತಿರುಗಿಸಿ ನಿಂತು, ಬಗ್ಗಿ, ಕಾಲ ಸಂದಿಯಿಂದ ನೋಡಿದರೆ ದೊಡ್ಡ ಚಂದ್ರ ಕುಗ್ಗುತ್ತಾನಂತೆ. ಅಂಗಳದಲ್ಲಿ ಮಾಡುವ ವಯಸ್ಸು ನನ್ನದಲ್ಲ. ಕಡಲೆಕಾಯಿ ಹೊಲದ ಬದುವಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ ಬಗ್ಗಿದೆ. ನಿಜ, ಚಂದ್ರ ಒಂದು ಸುತ್ತು ಇಳಿದ ಹಾಗೆ ಕಂಡ. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಹಾಗೇ ಇದ್ದೆ. ಅಷ್ಟರಲ್ಲಿ ತಗಡಿನ ಡಬ್ಬ ಡಬಡಬ ಬಡಿದ ಸದ್ದು, ಹಿಂದೆಯೇ ಒಂದು ಹೆಂಟೆ ಬಂದು ಸೊಂಟಕ್ಕೆ ಬಿತ್ತು.

"ಹಂದಿ ಬಂತು, ಹಂದಿ!"

ಹೊಲ ಕಾಯಲು ಬಂದಿದ್ದ ಚಿಕ್ಕಪ್ಪ. ಮುಖಕ್ಕೆ ಬ್ಯಾಟ್ರಿ ಬಿಟ್ಟು, "ನೀನೇನ್ಲಾ? ಹೊಟ್ಟೆ ಕೆಟ್ಟೈತಾ?" ಎಂದ. ಚಂದ್ರನನ್ನು ನೋಡುತ್ತಿದ್ದೆ ಎಂದೆ. ಅವನು ಚಂದ್ರನನ್ನು ನೋಡಿದ, ನಾನು ತಿರುಗಿಸಿದ್ದ ದಿಕ್ಕು ನೋಡಿದ, ಮತ್ತೇನೂ ಕೇಳಲಿಲ್ಲ.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಅಜ್ಜಿಗೆ ನಗು ಬಂದಿರಲಿಲ್ಲ, ಚಿಂತೆ ಹತ್ತಿತ್ತು. "ಬಗ್ಗಿ ಕಾಲಿನ್ ಸಂದೀಲಿ ನೋಡ್ದೇನ್ಲಾ? ನೆಂಟ್ರು ಬತ್ತಾರೆ." ಅದು ಮೂಢನಂಬಿಕೆ, ಅದೂ ಕೂಸುಗಳಿಗೆ ಹೇಳುವ ಮಾತು ಎಂದು ಸೊಂಟ ನೀವಿಕೊಳ್ಳುತ್ತ ವಾದಿಸಿದೆ.

ಬೆಳಗಿನ ಬಸ್ಸಿಗೆ ಐದು ಜನ ಬಂದಿಳಿದರು. ಹಿಂದೂಪುರದ ಕಡೆಯವರು. ಅಜ್ಜಿ ನನ್ನ ಮುಖವನ್ನೂ ನೋಡದೆ ಒಲೆ ಮೇಲಿನ ಎಸರಿಗೆ ಇನ್ನೊಂದು ಚೊಂಬು ನೀರು ಸುರಿದಳು.