ಓಡಿದ್ದು ಒಬ್ಬಳು, ನಡುಗಿದ್ದು ಮನೆಮಂದಿ

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಅನ್ನುತ್ತಾ ಓಡಿಹೋಗುತ್ತದೆ ಎಂಬುದು ನಮ್ಮ ಕಡೆಯ ಮಾತು. ಹಾಗೆ ಓಡಿದ ಚಳಿ ಹೋಗಿ ಸೇರುವುದೆಲ್ಲಿಗೆ ಎಂದು ಮಾತ್ರ ಯಾವ ಹಿರಿಯರೂ ಹೇಳಿರಲಿಲ್ಲ. ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ನನಗೆ ಅದರ ವಿಳಾಸ ಸಿಕ್ಕಿತು. ಇಲ್ಲಿ ಫೆಬ್ರವರಿ, ಮಾರ್ಚ್ ಎಂದರೆ ಬೆಳಿಗ್ಗೆ ಹಿಮದ ಬೂಟು, ಮಧ್ಯಾಹ್ನ ಕೊಡೆ, ಸಂಜೆ ಟಿ-ಶರ್ಟು, ರಾತ್ರಿ ಮತ್ತೆ ರಜಾಯಿ. ಇಂಥ ಕಾಲ ನೋಡಿಯೇ ನ್ಯೂಯಾರ್ಕಿನವರು 21 ಕಿಲೋಮೀಟರಿನ ಓಟ ಇಟ್ಟುಕೊಂಡಿದ್ದಾರೆ. ನ್ಯೂಯಾರ್ಕ್ ಸಿಟಿ ಹಾಫ್ ನಡೆಯುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳ ಮೂರನೇ ಭಾನುವಾರ. ಆಗ ಶಿವರಾತ್ರಿ ಕಳೆದಿರುತ್ತದೆ, ಯುಗಾದಿ ಹೆಚ್ಚಾಗಿ ಬಂದಿರುವುದಿಲ್ಲ. ಚಳಿ ಹೋಗಿದೆಯೋ, ಹೋದಂತೆ ನಟಿಸಿ ಬಾಗಿಲ ಹಿಂದೆ ನಿಂತಿದೆಯೋ ಪಂಚಾಂಗವೂ ಹೇಳುವುದಿಲ್ಲ.

2023ರ ಓಟಕ್ಕೆ ನನ್ನ ಹೆಸರು ಲಾಟರಿಯಲ್ಲಿ ಬಂತು. ಓಡಬೇಕೆನ್ನುವವರು ಇರುವ ಜಾಗಕ್ಕಿಂತ ಬಹಳ ಹೆಚ್ಚಾದ್ದರಿಂದ ಚೀಟಿ ಎತ್ತಿ ಆರಿಸುತ್ತಾರೆ. ಅತ್ತೆ ಮಾವ ಆಗಷ್ಟೇ ಮೈಸೂರಿನಿಂದ ದೀಪಾವಳಿಗೆ ಬಂದಿಳಿದಿದ್ದರು. ಬೇಸಿಗೆಯಲ್ಲಿ ಬನ್ನಿ, ಹವೆ ಚೆನ್ನಾಗಿರುತ್ತದೆ ಎಂದರೆ ಮಾವ ಕೇಳುವವರಲ್ಲ. ಮಾವಿನಹಣ್ಣಿನ ಕಾಲದಲ್ಲಿ ಊರು ಬಿಡುವುದಿಲ್ಲ ಎಂಬುದು ಅವರ ವ್ರತ.

“ಲಾಟರಿ ಬಂತು!” ಎಂದು ನಾನು ಕೂಗಿದ್ದೇ, ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಹಾಲಿಗೆ ಬಂದರು.

“ಎಷ್ಟು ಬಂತಮ್ಮಾ?”

“ಬರೋದಲ್ಲ ಅತ್ತೆ, ಕೊಡೋದು. ನೂರು ಡಾಲರಿಗೂ ಮೇಲೆ.”

“ಯಾತಕ್ಕೆ?”

“ಓಡೋಕೆ.”

ಅತ್ತೆ ಮಾವನ ಮುಖ ನೋಡಿದರು. ಮಾವ ಕನ್ನಡಕ ತೆಗೆದು ಕೇಳಿದರು: “ಲಾಟರಿ ಬರದೇ ಇದ್ದವರಿಗೆ ಏನು ಕೊಡ್ತಾರಂತೆ?”

“ಏನೂ ಇಲ್ಲ ಮಾವ. ಅವರು ಮನೇಲಿ ಮಲಗಿರಬಹುದು.”

“ಹಾಗಾದ್ರೆ ನಿಜವಾದ ಬಹುಮಾನ ಅದೇ ಅಲ್ವೇನಮ್ಮಾ!”

ಆ ವರ್ಷದ ಚಳಿಗಾಲಕ್ಕೆ ತಲೆಬುಡ ಇರಲಿಲ್ಲ. ಸೆಂಟ್ರಲ್ ಪಾರ್ಕಿನಲ್ಲಿ 1869ರಿಂದ ಹಿಮದ ಲೆಕ್ಕ ಇಟ್ಟಿದ್ದಾರೆ. ಅಷ್ಟೂ ವರ್ಷಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟು ಮೊದಲ ಹಿಮ ಫೆಬ್ರವರಿ 1ರಷ್ಟು ತಡವಾಗಿ ಬಿದ್ದದ್ದು ಅದೇ ಮೊದಲು. ಹಿಮ ನೋಡಿ ಫೋಟೋ ಕಳಿಸುತ್ತೇನೆಂದು ಊರಿನಲ್ಲೆಲ್ಲ ಹೇಳಿ ಬಂದಿದ್ದ ಅತ್ತೆ ಜನವರಿಯಿಡೀ ಪರದೆ ಸರಿಸಿ ಸರಿಸಿ ಬೇಸತ್ತು, “ಇದಕ್ಕಿಂತ ನಮ್ಮ ಮಡಿಕೇರಿನೇ ವಾಸಿ” ಎಂದು ತೀರ್ಪು ಕೊಟ್ಟರು. ಆ ಮೊದಲ ಹಿಮ ಬಿದ್ದ ಮೂರನೇ ದಿನ, ಫೆಬ್ರವರಿ 4ರ ಬೆಳಿಗ್ಗೆ, ಅದೇ ಪಾರ್ಕಿನಲ್ಲಿ ಮೈನಸ್ 16 ಡಿಗ್ರಿ. ಅತ್ತೆ ತೀರ್ಪು ವಾಪಸ್ ತೆಗೆದುಕೊಂಡು ಮೂರು ಶಾಲು ಹೊದ್ದರು. ಇನ್ನೆರಡು ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯವರು ಚಡ್ಡಿ ಹಾಕಿಕೊಂಡು ನಾಯಿ ಓಡಾಡಿಸುತ್ತಿದ್ದರು.

ಇಂಥ ಕಾಲದ ಭವಿಷ್ಯವನ್ನು ಈ ದೇಶದವರು ಕೇಳುವುದು ಗ್ರೌಂಡ್‌ಹಾಗ್ ಎಂಬ, ಅಳಿಲಿನ ಕುಲಕ್ಕೆ ಸೇರಿದ, ಬಿಲದಲ್ಲಿ ಮಲಗುವ ದಢೂತಿ ಪ್ರಾಣಿಯೊಂದನ್ನು. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಎಂಬ ಊರಿನಲ್ಲಿ 1887ರಿಂದ ಈ ಉತ್ಸವ ನಡೆದಿದೆ. ಫೆಬ್ರವರಿ 2ರ ಬೆಳಿಗ್ಗೆ ಟೋಪಿ-ಕೋಟಿನ ದೊಡ್ಡ ಮನುಷ್ಯರು ಅದನ್ನು ಎತ್ತಿ ಹಿಡಿಯುತ್ತಾರೆ. ಅದಕ್ಕೆ ತನ್ನ ನೆರಳು ಕಂಡಿತು ಎಂದರೆ ಇನ್ನೂ ಆರು ವಾರ ಚಳಿ. ಕಾಣದಿದ್ದರೆ ವಸಂತ ಬೇಗ. ಆ ವರ್ಷ ಅದಕ್ಕೆ ನೆರಳು ಕಂಡಿತು. ನಾನು ಕ್ಯಾಲೆಂಡರ್ ತೆಗೆದೆ. ಫೆಬ್ರವರಿ 2ರಿಂದ ಆರು ವಾರ ಎಂದರೆ ಮಾರ್ಚ್ 16, ನನ್ನ ಓಟ 19ಕ್ಕೆ. ಮೂರು ದಿನದ ಅಂತರದಲ್ಲಿ ಬಚಾವ್! ನ್ಯೂಯಾರ್ಕಿಗೆ ಸ್ವಂತದ್ದೇ ಒಂದು ಗ್ರೌಂಡ್‌ಹಾಗ್ ಇದೆ, ಸ್ಟ್ಯಾಟನ್ ಐಲ್ಯಾಂಡ್ ಚಕ್ ಎಂದು. 2009ರಲ್ಲಿ ಅದು ಆಗಿನ ಮೇಯರ್ ಬ್ಲೂಮ್‌ಬರ್ಗ್ ಅವರ ಬೆರಳು ಕಚ್ಚಿತ್ತು. ಇದನ್ನು ಕೇಳಿದ ಮಾವ, “ನಮ್ಮ ಗಿಣಿಶಾಸ್ತ್ರದವನೇ ಎಷ್ಟೋ ಮೇಲು. ಗಿಣಿ ಕಾರ್ಡು ತೆಗೆದು ಕೊಟ್ಟು ಮರ್ಯಾದೆಯಾಗಿ ಪಂಜರಕ್ಕೆ ಹೋಗುತ್ತೆ” ಎಂದರು.

ಮಾವ ಕೆಇಬಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಯಾವ ಊರಿಗೆ ಹೋದರೂ ಮೊದಲು ನೋಡುವುದು ಕಂಬ ಮತ್ತು ತಂತಿ. ಮ್ಯಾನ್‌ಹ್ಯಾಟನ್ನಿನಲ್ಲಿ ಅವೆರಡೂ ಕಾಣದೆ ಕಂಗಾಲಾಗಿ, ಲೈಬ್ರರಿಯಿಂದ ಪುಸ್ತಕ ತಂದು ಕಾರಣ ಹುಡುಕಿದರು. 1888ರ ಮಾರ್ಚ್ ಎರಡನೇ ವಾರ ನ್ಯೂಯಾರ್ಕಿನಲ್ಲಿ ಬೆಚ್ಚಗಿತ್ತಂತೆ, ಮಳೆ ಬರುತ್ತಿತ್ತಂತೆ. ರಾತ್ರಿ ಬೆಳಗಾಗುವುದರೊಳಗೆ ಮಳೆ ಹಿಮವಾಗಿ, 14ನೇ ತಾರೀಕಿನ ಹೊತ್ತಿಗೆ 21 ಅಂಗುಲ ಬಿತ್ತು. ಗಾಳಿಗೆ ಟೆಲಿಗ್ರಾಫ್ ಕಂಬಗಳು ಮಗುಚಿಕೊಂಡವು, ಊರೂರಿಗೆ ಸಂಪರ್ಕ ಕಡಿಯಿತು. ಆಮೇಲೆ ನಗರದವರು ತಂತಿಗಳನ್ನು ನೆಲದೊಳಗೆ ಹಾಕುವ ಕೆಲಸಕ್ಕೆ ಬಿರುಸು ಕೊಟ್ಟರು.

“ನೋಡು, ಒಂದೇ ಬಿರುಗಾಳಿಗೆ ಎಚ್ಚೆತ್ತರು. ನಾನು ಸರ್ವೀಸ್ ಪೂರ್ತಿ ಫೈಲು ಕಳಿಸಿದೆ” ಎಂದು ಮಾವ ನಿಟ್ಟುಸಿರು ಬಿಟ್ಟರು. ಪುಸ್ತಕ ಮುಚ್ಚಿಟ್ಟು, “ಅದಿರಲಿ, ಮಾರ್ಚ್ ತಿಂಗಳನ್ನ ನಂಬಬೇಡಮ್ಮಾ” ಎಂದೂ ಸೇರಿಸಿದರು.

ಅವರ ಮಾತಿಗೆ ಪುರಾವೆ ಒದಗಿಸುವವರ ಹಾಗೆ ನಮ್ಮೆಜಮಾನರು ಫೋನಿಗೆ ನಾಲ್ಕು ಹವಾಮಾನದ ಆ್ಯಪ್ ಹಾಕಿಕೊಂಡರು. ಓಟಕ್ಕೆ ಒಂದು ವಾರ ಮುಂಚೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ನಿದ್ದೆಗೆಟ್ಟ ವಾರದಲ್ಲೇ ನಾರ್‌ಈಸ್ಟರ್ ಎಂಬ ಬಿರುಗಾಳಿ ಹೊರಟಿತು. ಮಂಗಳವಾರ, 14ರಂದು, ಉತ್ತರದ ಬೆಟ್ಟದ ಊರುಗಳಲ್ಲಿ ಮೊಣಕಾಲುದ್ದ ಹಿಮ ಸುರಿಯಿತು, ನಮ್ಮ ಊರು ಎಡಿಸನ್ನಿಗೆ ಬಂದದ್ದು ಮಳೆ. “ಭಾನುವಾರ ಬಿಸಿಲು” ಎಂದಿತು ಒಂದು ಆ್ಯಪ್. ಎರಡನೆಯದು ಮೋಡ, ಮೂರನೆಯದು ಹಿಮದ ಹುಡಿ ಎಂದವು. ನಾಲ್ಕನೆಯದಕ್ಕೆ ಎರಡು ಅಂಕಿ: ಒಂದು ಇರುವ ಚಳಿ, ಇನ್ನೊಂದು ಅನಿಸುವ ಚಳಿ. ಈ ಅನಿಸುವ ಚಳಿ ಮಾವನಿಗೆ ಸರಿಬರಲಿಲ್ಲ. “ಎಷ್ಟಿದೆ ಅಂತ ಇವರು ಹೇಳಲಿ ಸಾಕು. ಹೇಗನಿಸುತ್ತೆ ಅಂತ ಹೇಳೋಕೆ ನಾನಿಲ್ವಾ?”

ಅದಕ್ಕೂ ಲೆಕ್ಕವಿದೆ ಎಂದು ನಾನು ವಿವರಿಸಿದೆ. ಅಂಟಾರ್ಕ್ಟಿಕಾದಲ್ಲಿ ಸೈಪಲ್, ಪ್ಯಾಸಲ್ ಎಂಬಿಬ್ಬರು ಪ್ಲಾಸ್ಟಿಕ್ ಡಬ್ಬಿಯ ನೀರು ಗಾಳಿಗೆ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡಿ, 1945ರಲ್ಲಿ ಮೊದಲ ಸೂತ್ರ ಪ್ರಕಟಿಸಿದರು. 2001ರಲ್ಲಿ ಅದನ್ನು ತಿದ್ದಿದರು. ಟೊರಾಂಟೊದಲ್ಲಿ ಕೆಲವರನ್ನು ಗಾಳಿ ಸುರಂಗದೊಳಗೆ ಟ್ರೆಡ್‌ಮಿಲ್ ಮೇಲೆ ನಡೆಸಿ, ಮುಖದಿಂದ ಎಷ್ಟು ಶಾಖ ಹೋಗುತ್ತದೆಂದು ಅಳೆದು ಈಗಿನ ಸೂತ್ರ ಮಾಡಿದ್ದಾರೆ.

“ನಡೆಯೋರನ್ನ ಅಳೆದರು ಅಂತಲ್ಲವಾ ನೀನು ಹೇಳಿದ್ದು? ಓಡೋರನ್ನ ಅಳೆದೇ ಇಲ್ಲ. ಓಡೋ ಅಷ್ಟು ದಡ್ಡರು ಇರಲ್ಲ ಅಂದ್ಕೊಂಡಿರಬೇಕು!” ಎಂದು ಮಾವ ಕೇಸು ಮುಗಿಸಿದರು.

ಶುಕ್ರವಾರ ರಾತ್ರಿ ಬಟ್ಟೆಯ ಪಂಚಾಯಿತಿ ಸೇರಿತು. ಓಟಗಾರರ ನಿಯಮ ಸರಳ: ಹೊರಗೆ ಇರುವುದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಎಂದುಕೊಂಡು ಉಡುಪು ಹಾಕಬೇಕು, ಓಡಲು ಶುರುಮಾಡಿದ ಮೇಲೆ ಮೈ ತಾನೇ ಬಿಸಿಯಾಗುತ್ತದೆ. ಅತ್ತೆಯ ನಿಯಮವೂ ಸರಳ: ಇರುವುದಕ್ಕಿಂತ ಹತ್ತು ಡಿಗ್ರಿ ಕಡಿಮೆಯಿದೆ ಎಂದುಕೊಳ್ಳಬೇಕು. ಎರಡರ ನಡುವೆ ಇಪ್ಪತ್ತು ಡಿಗ್ರಿಯ ಕಂದಕ. ಅದನ್ನು ತುಂಬಲು ಮಂಕಿ ಕ್ಯಾಪು, ಉಲ್ಲನ್ ಶಾಲು, ಕಿವಿಗೆ ಹತ್ತಿ, ಎದೆಗೆ ವಿಕ್ಸು ಮಂಡನೆಯಾದವು. ಹತ್ತಿಬಟ್ಟೆ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಅದರಿಂದಲೇ ಚಳಿ ಹಿಡಿಯುತ್ತದೆ, ಪಾಲಿಯೆಸ್ಟರೇ ಸರಿ ಎಂದೆ. ಜೀವಮಾನವಿಡೀ “ಮೈಗೆ ಕಾಟನ್ನೇ ಒಳ್ಳೇದು” ಎಂದು ಸೊಸೆಯಂದಿರಿಗೆ ಬೋಧಿಸಿದ ಅತ್ತೆಗೆ ಈ ಮಾತು ಅಪಚಾರವಾಗಿ ಕೇಳಿಸಿತು. ವಾಟ್ಸ್ಯಾಪಿನ ಕುಟುಂಬದ ಗ್ರೂಪು ಸುಮ್ಮನಿರುತ್ತದೆಯೇ? ಮಿನಿಯಾಪೊಲಿಸ್‌ನ ಮೈದುನ, “ಸೊನ್ನೆಗಿಂತ ಮೇಲಿದ್ರೆ ಅದು ಬೇಸಿಗೆ ಅತ್ತಿಗೆ, ಬನಿಯನ್ ಸಾಕು” ಎಂದ. ನಮ್ಮವರು ಫ್ಯಾರನ್‌ಹೀಟ್ ಲೆಕ್ಕದಲ್ಲಿ “ಮಧ್ಯಾಹ್ನಕ್ಕೆ 40 ಡಿಗ್ರಿ” ಎಂದು ಬರೆದದ್ದನ್ನು ಓದಿದ ಮೈಸೂರಿನ ಚಿಕ್ಕತ್ತೆ, “ರಾಯಚೂರಿನ ಬಿಸಿಲಲ್ಲೇ ಅದು! ತಲೆಗೆ ಒದ್ದೆ ಟವೆಲ್ ಹಾಕ್ಕೋ” ಎಂದು ಧ್ವನಿ ಸಂದೇಶ ಕಳಿಸಿದರು.

ದೊಡ್ಡ ಜಗಳ ಹುಟ್ಟಿದ್ದು ಬಿಸಾಡುವ ಸ್ವೆಟರಿನ ಮೇಲೆ. ಓಟ ಶುರುವಾಗುವ ಮುಂಚೆ ಗಂಟೆಗಟ್ಟಲೆ ಬಯಲಿನಲ್ಲಿ ನಿಂತಿರಬೇಕು. ಅದಕ್ಕೆಂದು ಹಳೆಯ ಬೆಚ್ಚನೆ ಬಟ್ಟೆ ಮೇಲೆ ಹಾಕಿಕೊಂಡು ಹೋಗಿ, ಹೊರಡುವಾಗ ತೆಗೆದೆಸೆಯುವುದು ಇಲ್ಲಿನ ಪದ್ಧತಿ. ನಾನು ಆರಿಸಿದ್ದು ನಮ್ಮವರ ಹಳೆಯ ಸ್ವೆಟರ್.

“ಚೆನ್ನಾಗಿರೋದನ್ನ ಬೀದೀಲಿ ಬಿಸಾಕ್ತೀಯಾ? ಸೊಂಟಕ್ಕೆ ಕಟ್ಕೊಂಡು ಓಡಮ್ಮಾ” ಎಂದರು ಅತ್ತೆ. ಬಿಸಾಡಿದ್ದನ್ನೆಲ್ಲ ಒಟ್ಟುಮಾಡಿ ಇಲ್ಲದವರಿಗೆ ಕೊಡುತ್ತಾರೆ ಎಂದು ಹೇಳಿದೆ. ಅತ್ತೆ ಯೋಚಿಸಿದರು. ಯುಗಾದಿಗೆ ಮೂರು ದಿನ ಇರುವಾಗ ವಸ್ತ್ರದಾನ! ಒಳಗೆ ಹೋಗಿ ಮಗನ ಇನ್ನೂ ಎರಡು ಸ್ವೆಟರ್ ತಂದು, “ಇವನ್ನೂ ಹಾಕ್ಕೊಂಡು ಹೋಗು, ಪುಣ್ಯ ಬರುತ್ತೆ” ಎಂದರು. ಅವೆರಡೂ ಹೊಸವು. ನಮ್ಮವರ ಮುಖದಲ್ಲಿ ಮಾತ್ರ ಪುಣ್ಯ ಬಂದ ಲಕ್ಷಣ ಕಾಣಲಿಲ್ಲ.

ಹಿಂದಿನ ರಾತ್ರಿ ಓಟಗಾರರೆಲ್ಲ ಪಾಸ್ತಾ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಚಿತ್ರಾನ್ನ. ಪಿಷ್ಟಕ್ಕೆ ಪಿಷ್ಟ, ರುಚಿಗೆ ರುಚಿ. ಮೊಸರನ್ನಕ್ಕೆ ಮಾತ್ರ ಶೀತವೆಂಬ ಕಾರಣಕ್ಕೆ ತಡೆಯಾಜ್ಞೆ ಬಿತ್ತು.

ಭಾನುವಾರ ಬೆಳಗಿನ ಜಾವ ಮೂರೂವರೆಗೆ ನಾನು ಬೂಟಿನ ಲೇಸು ಕಟ್ಟುತ್ತಿದ್ದಾಗ ಅತ್ತೆ ಸ್ನಾನ ಮುಗಿಸಿ, ದೀಪ ಹಚ್ಚಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲಿನ ಬಾಣಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದರ್ಥ, ಬಂದರೆ ಭಯವಿಲ್ಲ. ಅಂದು ಬಂದ ಘಾಟಿಗೆ ಮನೆಯ ಹೊಗೆಯ ಅಲಾರಂ ಬಡಿದುಕೊಂಡಿತು. ಮಗಳು ಪುಟ್ಟಿ ಹಾಸಿಗೆಯಿಂದ ಹಾರಿದಳು, ಪಕ್ಕದ ಮನೆಯಲ್ಲಿ ದೀಪ ಹತ್ತಿತು, ನಮ್ಮವರು ಕುರ್ಚಿ ಹತ್ತಿ ಟವೆಲ್ ಬೀಸಿದರು. ನನ್ನೊಬ್ಬಳಿಗೇ ಅಲ್ಲ, ಇಡೀ ಬೀದಿಗೆ ಯಾವ ದೃಷ್ಟಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎಲ್ಲರೂ ಒಂದೇ ಕಾರಿನಲ್ಲಿ ಕೆಮ್ಮುತ್ತಾ ಹೊರಟೆವು.

ಓಟ ಶುರುವಾಗುವ ಬ್ರೂಕ್ಲಿನ್ನಿನಲ್ಲಿ ಸೊನ್ನೆಯ ಆಸುಪಾಸಿನ ಚಳಿ, ಅದರ ಮೇಲೆ ಗಾಳಿ. ಸುಮಾರು 25 ಸಾವಿರ ಜನ ಹಳೆ ನೈಟ್ ಗೌನು, ಕಸದ ಚೀಲ, ರಗ್ಗು ಸುತ್ತಿಕೊಂಡು ಕುಣಿಯುತ್ತಾ ನಿಂತಿದ್ದರು. ಮೊದಲೆರಡು ಮೈಲಿ ಬೆರಳುಗಳು ನನ್ನವೋ ಪರರವೋ ತಿಳಿಯಲಿಲ್ಲ. ಮ್ಯಾನ್‌ಹ್ಯಾಟನ್ ಸೇತುವೆ ಏರುವ ಹೊತ್ತಿಗೆ ಮೈ ಬಿಸಿಯಾಗಿತ್ತು, ಟೋಪಿಯೊಂದನ್ನು ಗಾಳಿಯಿಂದ ಕಾಪಾಡಿಕೊಂಡರೆ ಸಾಕಿತ್ತು. ಎಡಕ್ಕೆ ಬ್ರೂಕ್ಲಿನ್ ಸೇತುವೆ. ಅದು ಗಟ್ಟಿಯಿದೆಯೆಂದು ಜನರಿಗೆ ತೋರಿಸಲು 1884ರಲ್ಲಿ ಸರ್ಕಸ್ಸಿನ ಬಾರ್ನಮ್ 21 ಆನೆಗಳನ್ನು ಅದರ ಮೇಲೆ ನಡೆಸಿದ್ದ. ದಸರಾ ಊರಿನ ಮಾವ ಈ ಕಥೆ ಹೇಳುವಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: “ಅಂಬಾರಿ ಇರಲಿಲ್ವಂತಾ?” 2025ರಿಂದ ಓಟ ಆ ಆನೆಗಳ ದಾರಿಯಲ್ಲೇ, ಬ್ರೂಕ್ಲಿನ್ ಸೇತುವೆಯ ಮೇಲೆ ಹೋಗುತ್ತದೆ. ನಾವು ಮ್ಯಾನ್‌ಹ್ಯಾಟನ್ ಸೇತುವೆ ಇಳಿದ ಮೇಲೆ ನದಿಯ ಪಕ್ಕದ ಹೆದ್ದಾರಿ, 42ನೇ ರಸ್ತೆ, ಟೈಮ್ಸ್ ಸ್ಕ್ವೇರ್. ಬಿಸಿಲು ಎದ್ದಿತ್ತು, ಆದರೆ ಅದು ಕಟ್ಟಡಗಳ ಹತ್ತನೇ ಮಹಡಿಯಿಂದ ಮೇಲೆ ವಾಸಿಸುವವರಿಗೆ ಮಾತ್ರ. ಅಂದು ಗೆದ್ದವರು ಉಗಾಂಡಾದ ಜೇಕಬ್ ಕಿಪ್ಲಿಮೊ, 1 ಗಂಟೆ 1 ನಿಮಿಷ 31 ಸೆಕೆಂಡಿನಲ್ಲಿ. ಅವರದೇ ಆಗಿನ ವಿಶ್ವದಾಖಲೆ 57 ನಿಮಿಷ 31 ಸೆಕೆಂಡು. ಅಂಥವರಿಂದಲೇ ಈ ದಾರಿಯ ದಿಣ್ಣೆ, ಗಾಳಿ, ಚಳಿ ಸೇರಿ ನಾಲ್ಕು ನಿಮಿಷ ವಸೂಲಿ ಮಾಡಿದ ಮೇಲೆ ನನ್ನ ಸಮಯವನ್ನು ಯಾರೂ ಕೇಳಬಾರದು.

ಸೆಂಟ್ರಲ್ ಪಾರ್ಕಿನ ಕೊನೆಯ ಏರಿನಲ್ಲಿ ಜನ ಗಂಟೆ ಬಾರಿಸುತ್ತಾ “ಇನ್ನೂ ಜೋರು, ಇನ್ನೂ ಜೋರು” ಎಂದು ಇಂಗ್ಲಿಷಿನಲ್ಲಿ ಅರಚುತ್ತಿದ್ದರು. ಅದರ ನಡುವೆ ಒಂದೇ ಒಂದು ಕನ್ನಡದ ದನಿ: “ನಿಧಾನ ಕಣಮ್ಮಾ! ಬಿದ್ದುಗಿದ್ದೀಯಾ! ನಿಧಾನ!” ಗುರಿ ಮುಟ್ಟಿದ ಮೇಲೆ ಪದಕ ಹಾಕಿ, ಬೆಳ್ಳಿ ಬಣ್ಣದ ಹಾಳೆ ಹೊದಿಸಿ ಕಳಿಸಿದರು. “ಚಪಾತಿ ಸುತ್ತೋ ಹಾಗೆ ಸುತ್ತಿ ಕೊಟ್ಟಿದ್ದಾರಲ್ಲೇ!” ಎಂದು ಅತ್ತೆ ಮುಟ್ಟಿ ನೋಡಿದರು. ಮುಟ್ಟಿದ ಕೈ ಮಂಜುಗಡ್ಡೆ. ಶಾಲನ್ನು ಪುಟ್ಟಿಗೆ ಹೊದಿಸಿ ತಾವು ಬರಿ ಸೀರೆ-ಕೋಟಿನಲ್ಲಿ ನಿಂತಿದ್ದರು. ಮಾವ ಮಂಕಿ ಕ್ಯಾಪನ್ನು ಕಾರಿನಲ್ಲಿ ಬಿಟ್ಟಿದ್ದರು. ನಾಲ್ಕು ಆ್ಯಪಿನ ಒಡೆಯರ ಕೈಗೆ ಗ್ಲೌಸೇ ಇರಲಿಲ್ಲ, ಆ್ಯಪ್ ತೆರೆಯಲು ಅದು ಅಡ್ಡಿಯಂತೆ.

ಬುಧವಾರ ಯುಗಾದಿ. ಓಡಿ ಬಂದ ನನಗೆ ಕಾಲು ನೋವೊಂದು ಬಿಟ್ಟರೆ ಏನೂ ಇಲ್ಲ. ಮನೆಯ ಉಳಿದವರೆಲ್ಲ ಮೂಗು ಕಟ್ಟಿ, ಬೇವಿಗೂ ಬೆಲ್ಲಕ್ಕೂ ವ್ಯತ್ಯಾಸ ತಿಳಿಯದೆ, ಒಬ್ಬಟ್ಟನ್ನು ನಂಬಿಕೆಯ ಮೇಲೆ ತಿಂದರು.

ಆದ್ದರಿಂದ ಮಾರ್ಚಿನಲ್ಲಿ ಇಲ್ಲಿ ಓಡುವ ಆಸೆಯುಳ್ಳ ಕನ್ನಡಿಗರಲ್ಲಿ ನನ್ನದೊಂದು ಅರಿಕೆ. ಖಂಡಿತ ಓಡಿ. ಹವಾಮಾನದ ಆ್ಯಪ್ ಒಂದೇ ಇಟ್ಟುಕೊಳ್ಳಿ, ಅದನ್ನೂ ಹಿಂದಿನ ರಾತ್ರಿ ಮಾತ್ರ ನೋಡಿ. ಮನೆಯವರು ಹಾಕಿಕೋ ಎಂದದ್ದರಲ್ಲಿ ಅರ್ಧ ನೀವು ಹಾಕಿಕೊಳ್ಳಿ, ಉಳಿದರ್ಧ ನೋಡಲು ಬರುವ ಅವರಿಗೇ ಹಾಕಿಸಿ. ಓಡುವವರಿಗೆ ಚಳಿ ಮೊದಲೆರಡು ಮೈಲಿ. ನಿಂತು ನೋಡುವವರಿಗೆ ಪೂರ್ತಿ ಹದಿಮೂರು.