ದೂರಾಧ್ವಾನ ವಿಚಾರ: ಐರನ್‌ಮ್ಯಾನ್ ಪ್ರಸಾರದಲ್ಲಿ ರಸನಿಷ್ಪತ್ತಿ

ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನು 10ನೆಯ ಶತಮಾನದಲ್ಲಿ ‘ದಶರೂಪಕ’ ಬರೆಯುವಾಗ, ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದ ಸಂಗತಿಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ‘ದೂರಾಧ್ವಾನ’, ಅಂದರೆ ದೂರಪ್ರಯಾಣ, ಕೂಡದು. ಸ್ನಾನ ಕೂಡದು. ಊಟ ಕೂಡದು. ಮೈಗೆ ಲೇಪನ ಬಳಿದುಕೊಳ್ಳುವುದು, ಬಟ್ಟೆ ತೊಡುವುದು, ಇವೂ ಕೂಡದು. ವಧೆ, ಯುದ್ಧ, ಸುರತ ಮೊದಲಾದವೂ ಪಟ್ಟಿಯಲ್ಲಿವೆ. ಅವು ಸದ್ಯಕ್ಕೆ ಅಪ್ರಸ್ತುತ. ಸಾವಿರ ವರ್ಷ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದ ಸತ್ಯವನ್ನು ಈಗ ಹೇಳಲೇಬೇಕಾಗಿದೆ: ಧನಂಜಯ ನಿಷೇಧಿಸಿದ್ದು ಟ್ರಯಥ್ಲಾನ್ ನೇರಪ್ರಸಾರವನ್ನು.

ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ಟ್ರಯಥ್ಲಾನ್ ಸ್ಪರ್ಧೆಯನ್ನೇ ನೋಡಿ. ಮೊದಲು 3.86 ಕಿ.ಮೀ. ಸಮುದ್ರಸ್ನಾನ. ಬಳಿಕ ಡೇರೆಯಲ್ಲಿ ಬಟ್ಟೆಯ ವ್ಯವಹಾರ. ಅನಂತರ 180 ಕಿ.ಮೀ. ಸೈಕಲ್ ಪ್ರಯಾಣ, ಭೋಜನವೂ ಸೀಟಿನ ಮೇಲೆಯೇ. ಇಳಿದವರ ಹೆಗಲಿಗೆ ಸ್ವಯಂಸೇವಕರಿಂದ ಸನ್‌ಸ್ಕ್ರೀನ್ ಲೇಪನ. ಕೊನೆಗೆ 42.2 ಕಿ.ಮೀ. ಓಟ. ನಿಷೇಧದ ಪಟ್ಟಿಯನ್ನೇ ಕಾರ್ಯಕ್ರಮಪಟ್ಟಿ ಮಾಡಿ ಅಚ್ಚು ಹಾಕಿಸಿದ್ದಾರೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಇದನ್ನು ನೋಡುವವರಾದರೂ ಯಾರು? ಪ್ರಶ್ನೆ ನ್ಯಾಯವಾದದ್ದೇ. ಕೋನಾದಲ್ಲಿ ಬೆಳಿಗ್ಗೆ 7 ಎಂದರೆ ಬೆಂಗಳೂರಿನಲ್ಲಿ ರಾತ್ರಿ 10.30. ಮನೆಮಂದಿ ಮಲಗಿದ ಮೇಲೆ ಟೀವಿಯ ಸದ್ದಡಗಿಸಿ ಕೂತವನಿಗೆ ಕಾಣುವುದು ಇಷ್ಟು: ಎರಡೂ ಕಡೆ ಕರ್ರಗಿನ ಲಾವಾ ಬಯಲು, ನಡುವೆ ಹೆದ್ದಾರಿ, ಅದರ ಮೇಲೆ ಬೆನ್ನು ಬಗ್ಗಿಸಿದ ಒಬ್ಬ ಮನುಷ್ಯ. ಒಂದು ನಿದ್ದೆ ತೆಗೆದು ಎದ್ದರೂ ಅದೇ ಬೆನ್ನು. ಯಕ್ಷಗಾನದಲ್ಲಾದರೆ ತೂಕಡಿಸಿ ಎದ್ದಾಗ ಒಬ್ಬ ರಾಕ್ಷಸನಾದರೂ ಸತ್ತಿರುತ್ತಾನೆ. ಇಲ್ಲಿ ಬದಲಾಗುವುದು ತೆರೆಯ ಮೂಲೆಯ ಅಂಕಿ ಮಾತ್ರ. ಅಂತರ ಆರು ಸೆಕೆಂಡು ಕಡಿಮೆಯಾಯಿತೆಂದರೆ ವ್ಯಾಖ್ಯಾನಕಾರರು ಆ ಆರು ಸೆಕೆಂಡಿಗೆ ಭಾಷ್ಯ ಬರೆಯಲು ಕೂರುತ್ತಾರೆ. ಸಾಲದ್ದಕ್ಕೆ, ಸೈಕಲ್ಲುಗಳ ನಡುವೆ ಕಡೇಪಕ್ಷ ಇಂತಿಷ್ಟು ಅಂತರ ಇರಬೇಕೆಂಬ ನಿಯಮ ಬೇರೆ. ನಾಯಕ, ಪ್ರತಿನಾಯಕರು ಹತ್ತಿರ ಸುಳಿದರೆ ದಂಡನೆ ಎಂಬ ನಾಟಕವನ್ನು ಯಾವ ಆಚಾರ್ಯನೂ ಊಹಿಸಿರಲಾರ.

ಇದಕ್ಕೆ ಸಮಾಧಾನ. ತೋರಿಸಬಾರದ್ದನ್ನು ವಿಷ್ಕಂಭಕದ ಮೂಲಕ, ಅಂದರೆ ನಡುವೆ ಬರುವ ಸಣ್ಣ ಪಾತ್ರಗಳ ಬಾಯಿಂದ ಹೇಳಿಸಿ ದಾಟಿಸು ಎಂದು ಧನಂಜಯನೇ ದಾರಿ ತೋರಿಸಿದ್ದಾನೆ. ಅಮೆರಿಕದ ಎನ್‌ಬಿಸಿ ಚಾನೆಲ್ಲಿನವರು ಆತನನ್ನು ಓದಿದ್ದಕ್ಕೆ ಪುರಾವೆಯಿಲ್ಲ. ಆದರೂ 17 ಗಂಟೆಯ ಸ್ಪರ್ಧೆಯನ್ನು ಒಂದೂವರೆ ಗಂಟೆಗೆ ಇಳಿಸಿ, ವಾರಗಟ್ಟಲೆ ತಡವಾಗಿ, ಫಲಿತಾಂಶ ಜಗತ್ತಿಗೆಲ್ಲ ತಿಳಿದ ಮೇಲೆ ಪ್ರಸಾರ ಮಾಡಿ ಎಮ್ಮಿ ಪ್ರಶಸ್ತಿಗಳನ್ನು ಬಾಚಿಕೊಂಡರು. ಅವರ ಕ್ರಮ ಸರಳ. ಕ್ಯಾನ್ಸರ್ ಗೆದ್ದವರು, ಮಗುವನ್ನು ಕಳೆದುಕೊಂಡವರು ಮೊದಲು ತಮ್ಮ ಮನೆಯ ಸೋಫಾದ ಮೇಲೆ ಕೂತು ಮಾತಾಡುತ್ತಾರೆ. ಆಮೇಲೆ ಸಮುದ್ರಕ್ಕೆ ಇಳಿಯುತ್ತಾರೆ. ಕಣ್ಣೀರು ಬರುವ ಮುಂಚೆ ಪಿಯಾನೋ ಬರುತ್ತದೆ. ಪಿಯಾನೋ ಕೊಂಚ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ.

ಆದರೆ ರಸಕ್ಕೆ ನಿಜವಾದ ಆಕರ ಇದಲ್ಲ. ಅದಕ್ಕೆ 1982ರ ಫೆಬ್ರವರಿಗೇ ಹೋಗಬೇಕು. 23 ವರ್ಷದ ವಿದ್ಯಾರ್ಥಿನಿ ಜೂಲಿ ಮಾಸ್, ವ್ಯಾಯಾಮ ಶರೀರಶಾಸ್ತ್ರದ ಪ್ರಬಂಧಕ್ಕೆ ಸಾಮಗ್ರಿ ಬೇಕೆಂದು ಈ ಸ್ಪರ್ಧೆಗೆ ಬಂದಿದ್ದರು. (ಪ್ರಬಂಧ ಬರೆಯುವುದರ ಅಪಾಯವನ್ನು ಸಂಶೋಧಕರು ಗಮನಿಸಬೇಕು.) ಮಹಿಳೆಯರಲ್ಲಿ ಎಲ್ಲರಿಗಿಂತ ಮುಂದಿದ್ದರು. ಗುರಿ ಕಣ್ಣಳತೆಯಲ್ಲಿದ್ದಾಗ ಕಾಲು ಮಡಚಿತು. ಎದ್ದರು, ಬಿದ್ದರು, ಮತ್ತೆ ಎದ್ದು ಮತ್ತೆ ಬಿದ್ದರು. ಪ್ರಸಾರ ಮಾಡುತ್ತಿದ್ದ ಎಬಿಸಿ ಚಾನೆಲ್ಲಿನ ಕ್ಯಾಮೆರಾ ಕದಲಲಿಲ್ಲ. ಭರತಮುನಿ ಹೇಳಿದ ಎಂಟು ಸಾತ್ತ್ವಿಕಭಾವಗಳನ್ನು ಇಲ್ಲಿ ಒಂದೊಂದಾಗಿ ಗುರುತು ಹಾಕಿಕೊಳ್ಳಬಹುದು: ಸ್ತಂಭ, ಸ್ವೇದ, ವೇಪಥು, ವೈವರ್ಣ್ಯ, ಪ್ರಳಯದ ಅಂಚು. ರೋಮಾಂಚ ಮತ್ತು ಅಶ್ರುಗಳನ್ನು ನೋಡುಗರು ಪೂರೈಸಿದರು. ಸ್ವರಭೇದವನ್ನು ನಿರೂಪಕರಿಗೆ ಬಿಡೋಣ. ಹೊಟ್ಟೆಯ ಹತೋಟಿಯೂ ತಪ್ಪಿತ್ತು. ಅದು ಭರತನ ಪಟ್ಟಿಯಲ್ಲಿಲ್ಲ, ಆದರೆ ಬೀಭತ್ಸರಸದ ಲೆಕ್ಕಕ್ಕೆ ಧಾರಾಳವಾಗಿ ಸೇರುತ್ತದೆ. ಗುರಿಗೆ ಇನ್ನು ಕೆಲವೇ ಮಾರು ಇರುವಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಿಂದ ಓಡಿಹೋದರು. ಮಾಸ್ ನಾಲ್ಕು ಕಾಲಲ್ಲಿ ತೆವಳಿ ಬಂದು ಗೆರೆಯಾಚೆ ಕೈ ಇಟ್ಟದ್ದು 29 ಸೆಕೆಂಡು ತಡವಾಗಿ.

ಗೆದ್ದವರು ಮೆಕಾರ್ಟ್ನಿ. ನೆನಪಲ್ಲಿ ಉಳಿದವರು ಮಾಸ್. ಇದು ಆಕಸ್ಮಿಕವಲ್ಲ, ಸೂತ್ರ. 1997ರಲ್ಲಿ ಸಿಯಾನ್ ವೆಲ್ಚ್ ಮತ್ತು ವೆಂಡಿ ಇಂಗ್ರಹಾಂ ಇಬ್ಬರೂ ಕೊನೆಯ ಹೆಜ್ಜೆಗಳಲ್ಲಿ ಕುಸಿದು, ನಾಲ್ಕನೆಯ ಸ್ಥಾನಕ್ಕಾಗಿ ಅಕ್ಕಪಕ್ಕ ಅಂಬೆಗಾಲಿಟ್ಟರು; ಇಂಗ್ರಹಾಂ ಮೊದಲು ಮುಟ್ಟಿದರು. ಆ ತುಣುಕನ್ನು ಇಂದಿಗೂ ಜನ ಹುಡುಕಿ ನೋಡುತ್ತಾರೆ. ಅವತ್ತು ಗೆದ್ದ ಹೆದರ್ ಫ್ಯೂರ್ ಮಾಡಿದ ಅಪರಾಧವೆಂದರೆ ಎರಡು ಕಾಲಿನ ಮೇಲೆ ಬಂದದ್ದು.

ಹಾಗಾದರೆ ಇದು ಪರರ ಸಂಕಟದಲ್ಲಿ ಸುಖ ಕಾಣುವ ಚಾಳಿಯೇ? ಛೆ, ಶಾಸ್ತ್ರ ಇದನ್ನು ಬಹಳ ಗೌರವದಿಂದ ನೋಡುತ್ತದೆ. ತನ್ನದೇ ಸುಖದುಃಖದಲ್ಲಿ ಮುಳುಗಿದವನಿಗೆ ರಸಾಸ್ವಾದವಿಲ್ಲ, ಅದೊಂದು ರಸವಿಘ್ನ ಎನ್ನುತ್ತಾನೆ ಅಭಿನವಗುಪ್ತ. ಕೋನಾದಲ್ಲಿ ಓಡುವವನ ಮಂಡಿ ನೋಯುತ್ತದೆ, ಉಗುರು ಕಿತ್ತುಬರುತ್ತದೆ. ಅವನಿಗೆ ರಸವೆಲ್ಲಿಂದ ಬರಬೇಕು? ದಿಂಬಿಗೆ ಒರಗಿ, ಚಕ್ಕುಲಿಯನ್ನು ಬಾಯಿಯ ಹತ್ತಿರ ತಂದು, ಮಾಸ್ ಬಿದ್ದ ಕ್ಷಣದಲ್ಲಿ ಕಚ್ಚಲು ಮರೆತು ಕೂತಿದ್ದಾನಲ್ಲ, ಅವನೇ ನಿರ್ವಿಘ್ನ ಸಹೃದಯ. ಬೆಳಿಗ್ಗೆ ಎದ್ದು ಓಡಬೇಕೆಂದು ಅವನಿಗೆ ಆ ಹೊತ್ತಿಗೆ ಅನಿಸುವುದುಂಟು. ಅದು ವ್ಯಭಿಚಾರಿಭಾವ, ನಿಲ್ಲುವುದಿಲ್ಲ.

ಉಳಿದ ಆಕ್ಷೇಪ ಒಂದೇ. ರಸರಾಜನಾದ ಶೃಂಗಾರ ಇಲ್ಲಿಲ್ಲವಲ್ಲ ಎಂದು ಕೆಲವರು ಕೊರಗುತ್ತಾರೆ. ಅವರಿಗೆ ಇತಿಹಾಸ ಗೊತ್ತಿಲ್ಲ. 1982ರಲ್ಲಿ ಮಾಸ್ ತೆವಳಿದ್ದನ್ನು ಟೀವಿಯಲ್ಲಿ ನೋಡಿದವರಲ್ಲಿ ಮಾರ್ಕ್ ಅಲೆನ್ ಎಂಬ ಯುವಕ ಒಬ್ಬ. ಅದೇ ವರ್ಷ ಅಕ್ಟೋಬರಿನಲ್ಲಿ ಕೋನಾಕ್ಕೆ ಹೋದ, ಸೈಕಲ್ಲಿನ ಗೇರು ಕೆಟ್ಟು ಅರ್ಧಕ್ಕೇ ನಿಂತ. ಬಿಡಲಿಲ್ಲ, 1989ರಿಂದ 1995ರೊಳಗೆ ಆರು ಸಲ ಗೆದ್ದ. ನಡುವೆ ಜೂಲಿ ಮಾಸ್‌ರನ್ನು ಮದುವೆಯಾದ. ಮುಂದೆ ಇಬ್ಬರೂ ಬೇರೆಯಾದರು ಎಂಬುದನ್ನು ಎತ್ತಿ ವಿಪ್ರಲಂಭದ, ಅಂದರೆ ಅಗಲಿದವರ ಶೃಂಗಾರದ, ಚರ್ಚೆಗೆ ಇಳಿಯುವವರಿದ್ದಾರೆ. ಅದನ್ನು ಯಾವ ಚಾನೆಲ್ಲೂ ಪ್ರಸಾರ ಮಾಡಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬಾರದು.