ಸೈಲೆನ್ಸರಿಗೆ ಹತ್ತು ರೂಪಾಯಿ

ಹಳೇ ಕಾರಿನ ಯಜಮಾನನಿಗೆ ಓಡುವ ಕಾರಿನ ಚಿಂತೆಯಿಲ್ಲ. ನಿಂತ ಕಾರಿನದೇ ಚಿಂತೆ. ನನ್ನ ಮಾರುತಿ 800 ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೂ ನಂಜನಗೂಡು ರಸ್ತೆಯಲ್ಲಿ ಮರ್ಯಾದೆಯಾಗಿ ಓಡುತ್ತದೆ. ರಾಮಸ್ವಾಮಿ ಸರ್ಕಲ್ಲಿನ ಕೆಂಪು ದೀಪಕ್ಕೆ ನಿಂತಿತೋ, ಮಲೇರಿಯಾ ಬಂದವರ ಹಾಗೆ ಗಡಗಡ ನಡುಗಲು ಶುರು. ಡ್ಯಾಷ್‌ಬೋರ್ಡಿನ ಗಣಪತಿ ತಲೆಯಾಡಿಸುತ್ತಾನೆ, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತದೆ, ಪಕ್ಕದ ಸ್ಕೂಟರಿನವನು ಮರುಕದಿಂದ ನೋಡುತ್ತಾನೆ.

ನಮ್ಮ ಬೀದಿಯಲ್ಲಿ ಕಾರಿಲ್ಲದವರಿಗೇ ಕಾರಿನ ಜ್ಞಾನ ಜಾಸ್ತಿ. ಅವರ ಮಾತು ಕೇಳಿ ಪ್ಲಗ್ ಬದಲಾಯಿಸಿದೆ, ಕಾರ್ಬ್ಯುರೇಟರ್ ತೊಳೆಸಿದೆ, ಎಂಜಿನ್ ಕೂರುವ ಮೌಂಟಿಂಗ್ ರಬ್ಬರನ್ನೂ ಹೊಸದು ಹಾಕಿಸಿದೆ. ನಡುಕ ನಡುಕವೇ. ಕೊನೆಗೆ ಸಲಹಾ ಮಂಡಳಿ ಒಮ್ಮತದ ತೀರ್ಪು ಕೊಟ್ಟಿತು: "ಎಂಜಿನ್ ಬೋರಿಗೆ ಬಂದಿದೆ ಸಾರ್. ಬೋರ್ ಮಾಡಿಸಿ, ಇಲ್ಲಾ ಗುಜರಿಗೆ ಹಾಕಿ." ಸವೆದ ಸಿಲಿಂಡರ್ ಕೊರೆಸಿ, ದಪ್ಪ ಪಿಸ್ಟನ್ನು, ಹೊಸ ರಿಂಗು ಹಾಕಿಸುವ ಖರ್ಚಿಗೆ ಇಂಥದೇ ಇನ್ನೊಂದು ಕಾರು ಬರುತ್ತದೆ. ಅಲ್ಲದೆ, ರಿಂಗು ಸವೆದ ಎಂಜಿನ್ ಆಯಿಲ್ ಕುಡಿಯಬೇಕು, ನೀಲಿ ಹೊಗೆ ಬಿಡಬೇಕು. ನನ್ನದು ಎರಡೂ ದುಶ್ಚಟವಿಲ್ಲದ ಕಾರು. ಸುಮ್ಮನೆ ಆಪಾದನೆ ಹೊರಿಸಿದರೆ ಹೊಟ್ಟೆ ಉರಿಯುವುದಿಲ್ಲವೇ?

ಹಳೇ ಕಾಲದ ಮೆಕ್ಯಾನಿಕ್‌ಗಳಲ್ಲಿ ಒಂದು ಪರೀಕ್ಷೆಯಿದೆ. ಎಂಜಿನ್ ಓಡುವಾಗ ಸೈಲೆನ್ಸರಿನ ಬಾಯಿಗೆ ಒಂದು ನೋಟು ಹಿಡಿಯಬೇಕು. ನೋಟು ಒಂದೇ ಸಮನೆ ಹೊರಕ್ಕೆ ಪಟಪಟಿಸಿದರೆ ಕ್ಷೇಮ. ಆಗಾಗ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ.

ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಯಾವ ನೋಟು ಎಂಬುದೇ ಮೊದಲ ಸಮಸ್ಯೆ. ಜೇಬಿಗೆ ಮೊದಲು ಸಿಕ್ಕಿದ್ದು ಐವತ್ತರದು. ಅದರ ಮೇಲೆ ಹಂಪಿಯ ಕಲ್ಲಿನ ರಥ. ಅದೂ ಬಹುಕಾಲದಿಂದ ನಿಂತಲ್ಲೇ ನಿಂತ ವಾಹನ, ಆದರೆ ಒಂದಿಷ್ಟೂ ನಡುಗದೆ ನಿಂತಿದೆ. ಅದಕ್ಕೆ ಹೊಗೆ ಹಾಕಲು ಕೈ ಬರಲಿಲ್ಲ. ಕೋನಾರ್ಕದ ಚಕ್ರವಿರುವ ಹತ್ತರ ನೋಟು ತೆಗೆದೆ. ಎರಡೂ ಕೈಯಲ್ಲಿ ತುದಿ ಹಿಡಿದು, ತಲೆಬಾಗಿ, ಭಕ್ತಿಯಿಂದ ಒಡ್ಡಿದೆ. ಪಟಪಟ, ಪಟಪಟ, ಚಪ್! ನೋಟು ಕೊಳವೆಗೆ ಅಂಟಿತು. ಬಿಟ್ಟಿತು. ಮತ್ತೆ ಚಪ್! ನನಗಾದ ಆನಂದ ಹೇಳತೀರದು.

ಎದುರುಮನೆಯ ನಿವೃತ್ತ ಸಬ್ ರಿಜಿಸ್ಟ್ರಾರರು ಪೇಪರು ಮಡಿಚಿ ಗೇಟಿಗೆ ಬಂದರು. ಬಹಳ ಹೊತ್ತು ನೋಡಿ, ಅನುಭವಸ್ಥರ ದನಿಯಲ್ಲಿ, "ಹತ್ತಕ್ಕೆಲ್ಲ ಕೆಲಸ ಆಗಲ್ಲ ಸ್ವಾಮಿ" ಎಂದರು.

"ತಗೋತಾ ಇದೆ ಸಾರ್, ನೋಡಿ!"

"ತಗೊಂಡು ವಾಪಸ್ ಕೊಡ್ತಿದೆಯಲ್ಲ! ಕಮ್ಮಿ ಆಯ್ತು ಅಂತ ಅರ್ಥ."

ಸೊಪ್ಪಿನಾಕೆ ಬುಟ್ಟಿ ಇಳಿಸಿ, "ಅದ್ಕೆ ಯಾಕ್ ಕೊಡ್ತೀರ ಬುದ್ಧೀ, ನನ್ನ ಹಳೇ ಬಾಕಿ ಕೊಡಿ" ಎಂದಳು. ಒಳಗಿನಿಂದ ನನ್ನಾಕೆ, "ರೀ, ಅದಕ್ಕೆ ದಕ್ಷಿಣೆ ಕೊಟ್ಟಿದ್ದಾದರೆ ತಿಂಡಿಗೆ ಬನ್ನಿ" ಎಂದಳು. ನಾನು ಏಳಲಿಲ್ಲ. ಪ್ರೇಕ್ಷಕರು ಕೂಡಿದ್ದರು, ಮತ್ತೊಮ್ಮೆ, ಇನ್ನೊಮ್ಮೆ ಎಂದು ಪ್ರದರ್ಶನ ಮುಂದುವರಿಸಿದೆ.

ಆಗ ಪಕ್ಕದಲ್ಲಿ ಯಾರೋ ಕೆಮ್ಮಿದರು. ಮೂಲೆಮನೆಯ ಪುಟ್ಟ ಹುಡುಗ ನನ್ನಂತೆಯೇ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಮುಖ ಸರಿಯಾಗಿ ಸೈಲೆನ್ಸರಿನ ಎತ್ತರಕ್ಕಿತ್ತು. ಎತ್ತಿಕೊಂಡು ರಸ್ತೆಯ ಆಚೆಗೆ ಹೋದೆ. ಎಂಜಿನ್ ಆರಿಸಿ ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಕೂತವರು ನಿದ್ದೆಯಲ್ಲೇ ಹೋಗಿಬಿಡುವುದು ಹೀಗೆ. ಆಮೇಲೆ ಯಾರೂ ನಗಲಿಲ್ಲ.

ಮಿಕ್ಕಿದ್ದನ್ನು ಮೆಕ್ಯಾನಿಕ್ ಬೇಗ ಮುಗಿಸಿದ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತ. ಎರಡು ವೈರು ಕಿತ್ತಾಗ ಎಂಜಿನ್ ಇನ್ನಷ್ಟು ಕುಸಿಯಿತು. ನಡುವಿನದನ್ನು ಕಿತ್ತಾಗ ಏನೂ ಆಗಲಿಲ್ಲ. "ಇವನೇ ಸಾರ್, ಹಾಜರಿ ಹಾಕಿ ಮಲಗಿರೋನು." ನಿಮಿಷಕ್ಕೆ 900 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 450 ಸಲ ಕೆಲಸ, ಅಷ್ಟೂ ಸಲ ಇವನ ರಜೆ. ಗೇಜ್ ಹಾಕಿ ನೋಡಿದರೆ ಕಂಪ್ರೆಷನ್ ಇಲ್ಲ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. ರಿಂಗು ಸವೆದಿದ್ದರೆ ಮುಳ್ಳು ಏರಬೇಕಿತ್ತು. ಏರಲಿಲ್ಲ. ಹೆಡ್ ಇಳಿಸಿದ, ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟಿತ್ತು. ಟ್ಯಾಪೆಟ್ ಬಿಗಿಯಾಗಿ ವಾಲ್ವು ಪೂರ್ತಿ ಮುಚ್ಚದೆ, ಬಿಸಿ ಬಿಟ್ಟುಕೊಡಲು ಜಾಗವಿಲ್ಲದೆ ಬೆಂದಿತ್ತು. ಸಡಿಲ ಟ್ಯಾಪೆಟ್ ಟಕಟಕ ಎಂದು ದೂರು ಹೇಳುತ್ತದೆ. ಬಿಗಿಯಾದದ್ದು ಬಾಯಿ ಮುಚ್ಚಿಕೊಂಡೇ ಸುಡುತ್ತದೆ.

ಹೊಸ ವಾಲ್ವು, ಲ್ಯಾಪಿಂಗು, ಹೊಸ ಗ್ಯಾಸ್ಕೆಟ್ಟು. ಬೋರಿನ ಮಾತೇ ಬರಲಿಲ್ಲ. ಸಲಹಾ ಮಂಡಳಿ ಈಗ ಕ್ಲಚ್ಚಿನ ಬಗ್ಗೆ ಸಭೆ ಸೇರುತ್ತಿದೆ.

ನಿಮ್ಮ ಕಾರಿಗೂ ಯಾರಾದರೂ ಬೋರ್ ಮಾಡಿಸಿ ಎಂದರೆ, ಮೊದಲು ಕಂಪ್ರೆಷನ್ ನೋಡಿಸಿ. ನೋಟಿನ ಪರೀಕ್ಷೆ ಮಾಡುವ ಆಸೆಯಾದರೆ ಕಾರನ್ನು ಬಯಲಿಗೆ ತನ್ನಿ, ಮಕ್ಕಳನ್ನು ದೂರವಿಡಿ. ಹತ್ತರ ನೋಟು ಧಾರಾಳವಾಗಿ ಸಾಕು.